ಐದೆಳೆ ಜಡೆಯ ವಿದ್ಯಾರ್ಥಿ

ಸೋನೆಗಿರಿಯ ರಾಜ ಇಮ್ಮಡಿ ಭೂಪಾಲನಿಗೆ ಕೋಪ ಕಡಿಮೆ, ಜಂಬ ಸ್ವಲ್ಪ ಜಾಸ್ತಿ. ಸರಸ್ವತಿ ಪೂಜೆಯ ದಿನ ತುಂಬಿದ ಸಭೆಯಲ್ಲಿ ಮೀಸೆ ತಿರುವಿ ಘೋಷಿಸಿಯೇಬಿಟ್ಟ:

"ನಮ್ಮ ವಿದ್ಯಾಶಾಲೆಯಂಥದ್ದು ಮೂರು ಲೋಕದಲ್ಲಿ ಇಲ್ಲ! ಕಲಿಯಬೇಕೆಂದು ಬಂದವರಿಗೆಲ್ಲ ಊಟ, ಬಟ್ಟೆ, ವಸತಿ ಅರಮನೆಯದ್ದೇ!"

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಕಂಬದ ಹಿಂದಿನಿಂದ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಮುಂದೆ ಬಂದಳು. ಕಂಕುಳಲ್ಲಿ ಒಂದು ಕೂಸು.

"ಹಾಗಾದ್ರೆ ನಾನು ಬಂದಿದೀನಿ, ಮಹಾಸ್ವಾಮಿ. ನನ್ನ ಹೆಸರು ಹೊನ್ನವ್ವ. ನಮ್ಮಪ್ಪ ಹಳ್ಳಿ ವೈದ್ಯ. ಅರ್ಧ ವಿದ್ಯೆ ಅವನ ಹತ್ರ ಕಲಿತಿದ್ದೆ, ಅಷ್ಟರಲ್ಲಿ ಮದುವೆ ಮಾಡಿದ್ರು. ಈಗ ಅಪ್ಪನೂ ಇಲ್ಲ, ಗಂಡನೂ ಇಲ್ಲ. ಊರಲ್ಲಿ ಜ್ವರ ಬಂದ್ರೆ ನಾಡಿ ಹಿಡಿಯೋರೂ ಇಲ್ಲ. ಉಳಿದರ್ಧ ಕಲಿಸಿಕೊಡಿ. ಅಲ್ಲೀವರೆಗೂ ನಂಗೂ ಈ ಕೂಸಿಗೂ ಒಂದು ತುತ್ತು ಸಿಕ್ಕಿದ್ರೆ ಸಾಕು."

ವಿದ್ಯಾಶಾಲೆಯ ಮುಖ್ಯಸ್ಥರು ವರದಾಚಾರ್ಯರು. ಅವರ ವಿದ್ಯೆ ದೊಡ್ಡದು, ಜುಟ್ಟು ಇನ್ನೂ ದೊಡ್ಡದು. ಅವರು ಎದ್ದು ನಿಂತರು.

"ಸಾಧ್ಯವಿಲ್ಲ! ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ವಯಸ್ಸು ಮೀರಿದವರ ತಲೆಗೆ ಏನೂ ಹತ್ತುವುದಿಲ್ಲ. ಅದರ ಮೇಲೆ ಕಂಕುಳಲ್ಲಿ ಕೂಸು! ಅದು ಅತ್ತರೆ ಪಾಠ ಕೇಳುತ್ತಾಳೋ, ಲಾಲಿ ಹಾಡುತ್ತಾಳೋ?"

ರಾಜನಿಗೂ ಹೌದೆನ್ನಿಸಿತು. ಹೊನ್ನವ್ವ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಆಗ ಬಾಯಿ ಹಾಕಿದವನು ಮುದ್ದಯ್ಯ. ಆಸ್ಥಾನದಲ್ಲಿ ಅವನಿಗೆ ಇಂಥದ್ದೇ ಕೆಲಸ ಅಂತಿರಲಿಲ್ಲ. ರಾಜನನ್ನು ನಗಿಸುತ್ತಿದ್ದ, ಉಳಿದವರನ್ನು ಬೆವರಿಸುತ್ತಿದ್ದ.

"ಪ್ರಭು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ. ಬಂದವರಿಗೆಲ್ಲ ಊಟ ಅಂತ ಈಗಷ್ಟೇ ಹೂವು ಮುಡಿದಿರಿ. ಹಿಟ್ಟು ಕೇಳಿದವಳನ್ನು ವಾಪಸ್ ಕಳಿಸುತ್ತೀರಾ?"

ರಾಜನಿಗೆ ಚುರುಕ್ಕೆಂದಿತು. "ಮುದ್ದಯ್ಯ! ನಲವತ್ತು ದಾಟಿದ ಮೇಲೆ, ತೊಡೆಯ ಮೇಲೆ ಮಗು ಇಟ್ಟುಕೊಂಡು, ರಾಜ್ಯದ ಅನ್ನ ತಿಂದು, ಹೊಸ ವಿದ್ಯೆ ಕಲಿತು ಗೆದ್ದವರು ಒಬ್ಬರಿದ್ದರೆ ತೋರಿಸು! ನಾಳೆ ಇದೇ ಸಭೆಗೆ ಕರೆತಾ. ತಂದರೆ ಇವಳಿಗೆ ಜಾಗ. ಇಲ್ಲದಿದ್ದರೆ ಇವಳು ಊರಿಗೆ, ನೀನೂ ಇವಳ ಹಿಂದೆಯೇ."

"ಯಾರಾದರೂ ಆದೀತೇ ಪ್ರಭು?"

"ಯಾರಾದರೂ! ಆದರೆ ಆಚಾರ್ಯರು ಪರೀಕ್ಷಿಸಿ ಒಪ್ಪಬೇಕು."

ಮರುದಿನ ಸಭೆ ಕಿಕ್ಕಿರಿದಿತ್ತು. ಮುದ್ದಯ್ಯ ಬರಿಗೈಯಲ್ಲಿ ಬಂದ. ಆಚಾರ್ಯರು ಜುಟ್ಟು ನೀವಿಕೊಂಡು ನಕ್ಕರು. ಹೊನ್ನವ್ವ ಕೂಸನ್ನೆತ್ತಿಕೊಂಡು ಅವರ ಹಿಂದೆಯೇ ನಿಂತಿದ್ದಳು.

"ಎಲ್ಲಯ್ಯಾ ನಿನ್ನ ಪಂಡಿತ?" ಎಂದ ರಾಜ.

"ಬಂದಿದ್ದಾರೆ ಪ್ರಭು. ಒಂದು ಗಳಿಗೆ."

ಅಷ್ಟರಲ್ಲಿ ಬಾಗಿಲ ಬಳಿ ಗದ್ದಲವಾಯಿತು. ತಾಯಿಯಿಲ್ಲದ ಪುಟ್ಟ ರಾಜಕುಮಾರಿ ಚೆಲುವಾಂಬೆ ಕೂದಲು ಕೆದರಿಕೊಂಡು ಓಡಿಬಂದಳು. ಹಿಂದೆ ಬಾಚಣಿಗೆ ಹಿಡಿದ ದಾಸಿಯರು. ಅವಳ ಬೊಗಸೆಯಲ್ಲಿ ಮಲ್ಲಿಗೆ ಮಾಲೆ. ಅದನ್ನು ಕೊಟ್ಟವರು ಯಾರೆಂದು ಕೇಳಬೇಡಿ, ಮುದ್ದಯ್ಯ ಆಗ ಛಾವಣಿ ನೋಡುತ್ತಿದ್ದ.

"ಅಪ್ಪಾಜಿ! ಜಡೆ ಬಿಚ್ಚೋಯ್ತು!"

"ದಾಸಿಯರು ಹಾಕುತ್ತಾರಮ್ಮ," ಎಂದು ರಾಜ ಕೆಮ್ಮಿದ.

"ಅವರು ಹಾಕಿದ್ರೆ ನೋಯುತ್ತೆ! ನೀವೇ ಹಾಕಬೇಕು! ದಿನಾ ಹಾಕ್ತೀರಲ್ಲ!"

ರಾಜ ಸೇನಾಪತಿಯ ಕಡೆ ನೋಡಿದ, ಮಂತ್ರಿಯ ಕಡೆ ನೋಡಿದ, ಕೊನೆಗೆ ಮಗಳ ನಡುಗುವ ತುಟಿ ನೋಡಿದ. ಅಲ್ಲಿಗೆ ರಾಜತ್ವ ಮುಗಿಯಿತು. ಸಿಂಹಾಸನದ ಮೇಲೆಯೇ ಅವಳನ್ನು ತೊಡೆಗೆಳೆದುಕೊಂಡು ಬೈತಲೆ ತೆಗೆದ. ರೇಷ್ಮೆ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂದಲನ್ನು ಐದು ಎಳೆ ಮಾಡಿದ. ಕತ್ತಿ ಹಿಡಿಯುವ ಬೆರಳುಗಳು ಸರಸರ ಓಡಿದವು. ನೋಡನೋಡುತ್ತಿದ್ದಂತೆ ಹಾವಿನಂಥ ಜಡೆ, ಅದರ ತುಂಬ ಮಲ್ಲಿಗೆ!

"ಆಚಾರ್ಯರೇ, ಸ್ವಲ್ಪ ಪರೀಕ್ಷಿಸಿ. ಎಲ್ಲಾದರೂ ಸಡಿಲವಿದೆಯೇ?" ಎಂದ ಮುದ್ದಯ್ಯ.

ಆಚಾರ್ಯರಿಗೆ ರಾಜನನ್ನು ಹೊಗಳುವ ಅವಕಾಶ ಸಿಕ್ಕರೆ ಬಿಟ್ಟಾರೆಯೇ? "ಅದ್ಭುತ! ಒಂದೆಳೆ ಆಚೀಚೆ ಇಲ್ಲ! ಪ್ರಭುಗಳಿಗೆ ಇದು ಹುಟ್ಟಿನಿಂದಲೇ ಬಂದ ಕಲೆ!"

ರಾಜನಿಗೆ ರೇಗಿತು. ಕಷ್ಟಪಟ್ಟು ಕಲಿತವನಿಗೆ ಹಾಗೆಂದರೆ ರೇಗದೇ ಇರುತ್ತದೆಯೇ?

"ಹುಟ್ಟಿನಿಂದ ಎಲ್ಲಿ ಬರುತ್ತೆ ಆಚಾರ್ಯರೇ! ರಾಣಿ ಹೋದ ಮೇಲೆ ಈ ಮಗು ಯಾರ ಕೈಗೂ ತಲೆ ಕೊಡಲಿಲ್ಲ. ಮುದುಕಿ ದಾಸಿಯ ಹತ್ತಿರ ಕೂತು ಕಲಿತೆ. ನನ್ನ ಮೊದಲ ಜಡೆ ಬಾವಿ ಹಗ್ಗದಂತಿತ್ತು!"

"ಆಗ ಪ್ರಭುಗಳಿಗೆ ನಲವತ್ತು ದಾಟಿತ್ತೇ?" ಎಂದು ಕೇಳಿದ ಮುದ್ದಯ್ಯ.

"ದಾಟಿ ಎರಡು ವರ್ಷ."

"ಕಲಿಯುವಾಗ ಮಗು?"

"ತೊಡೆಯ ಮೇಲೆ. ಮತ್ತೆಲ್ಲಿ?"

"ಊಟ, ಬಟ್ಟೆ, ವಸತಿ?"

"ಅರಮನೆಯ..." ಎಂದ ರಾಜನ ಬಾಯಿ ತೆರೆದಂತೆಯೇ ನಿಂತಿತು.

ಮುದ್ದಯ್ಯ ಕೈಮುಗಿದ. "ಪ್ರಭು, ಪಂಡಿತರನ್ನು ಕರೆತಂದಿದ್ದೇನೆ. ಆಚಾರ್ಯರು ಪರೀಕ್ಷಿಸಿ ಒಪ್ಪಿಯೂ ಆಯಿತು. ಈ ವಿದ್ಯಾರ್ಥಿವೇತನ ನಮ್ಮಲ್ಲಿ ಆಗಲೇ ಇದೆ. ಇಷ್ಟು ದಿನ ಒಬ್ಬರೇ ಪಡೆಯುತ್ತಿದ್ದರು, ಇವತ್ತು ಎರಡನೆಯವಳು ಬಂದಿದ್ದಾಳೆ, ಅಷ್ಟೇ."

ರಾಜ ನಗತೊಡಗಿದ. ಕಿರೀಟ ಒಂದು ಕಡೆ ಜಾರಿತು, ಅವನು ಹಿಡಿಯಲೂ ಇಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದ, "ಹೊನ್ನವ್ವ, ಮಗುವಿಗಾಗಿ ಕಲಿಯುವವರು ಎಷ್ಟು ಬೇಗ ಕಲಿಯುತ್ತಾರೆಂದು ನನಗೆ ಗೊತ್ತಿರಬೇಕಿತ್ತು. ನಿನಗೂ ನಿನ್ನಂಥವರಿಗೂ ಇಂದಿನಿಂದ ವಿದ್ಯಾಶಾಲೆಯಲ್ಲಿ ಜಾಗವಿದೆ, ಕೂಸುಗಳ ಸಮೇತ."

ಹೊನ್ನವ್ವ ಅತ್ತೇಬಿಟ್ಟಳು. ಕೂಸು ಏನೂ ಅರ್ಥವಾಗದೆ ಕಿಲಕಿಲ ನಕ್ಕಿತು.

"ಅದೆಲ್ಲ ಸರಿ ಪ್ರಭು," ಎಂದರು ಆಚಾರ್ಯರು, ಇನ್ನೂ ಸೋಲೊಪ್ಪದೆ. "ಅವಳು ಪಾಠ ಕೇಳುವಾಗ ಕೂಸನ್ನು ನೋಡಿಕೊಳ್ಳುವವರು ಯಾರು?"

ಎಲ್ಲರೂ ಆಚಾರ್ಯರ ಬೆನ್ನ ಹಿಂದೆ ನೋಡುತ್ತಿದ್ದರು. ಅಲ್ಲಿ ರಾಜಕುಮಾರಿ ಪೀಠ ಹತ್ತಿ ನಿಂತು ಅವರ ಜುಟ್ಟಿಗೆ ಮೂರೆಳೆ ಹೆಣೆದು ಮುಗಿಸಿದ್ದಳು. ಹೊನ್ನವ್ವನ ಕೂಸು ತಾಯಿಯ ಕಂಕುಳಿಂದಲೇ ಕೈ ಚಾಚಿ, ಉಳಿದ ಮಲ್ಲಿಗೆಯನ್ನು ಅದರೊಳಗೆ ತುರುಕುತ್ತಿತ್ತು.

ಆಚಾರ್ಯರು ಕೈಯಾಡಿಸಿ ನೋಡಿ ಬೆಚ್ಚಿದರು.

"ನಾಚಿಕೊಳ್ಳಬೇಡಿ ಆಚಾರ್ಯರೇ," ಎಂದ ಮುದ್ದಯ್ಯ. "ಹೊಟ್ಟೆಗೆ ಹಿಟ್ಟಿನ ಏರ್ಪಾಡು ಆಯಿತಲ್ಲ. ಇನ್ನು ಜುಟ್ಟಿಗೆ ಮಲ್ಲಿಗೆ ಧಾರಾಳವಾಗಿ ಮುಡಿಯಬಹುದು!"