ಕೊಕ್ಕರೆಯ ನೀರು ಪರೀಕ್ಷೆ

ಪಟ್ಟಣದ ಕೊಳಚೆಯನ್ನು ಸೋಸಿ, ಶುದ್ಧಮಾಡಿ ಹೊಲಗಳಿಗೆ ಬಿಡುವ ಕಾಲುವೆ ಒಂದಿತ್ತು. ಅದರ ನೀರು ಪರೀಕ್ಷಿಸುವ ಅಧಿಕಾರ ಕೊಕ್ಕರೆಯದು, ತೂಬು ಕಾಯುವ ಕೆಲಸ ಏಡಿಯಜ್ಜಿಯದು. ಅವಳು ಎಡಕ್ಕೆ ಬಿಟ್ಟರೆ ನೀರು ಕೊತ್ತಂಬರಿ ಮಡಿಗೆ, ಬಲಕ್ಕೆ ಬಿಟ್ಟರೆ ಹತ್ತಿ ಹೊಲಕ್ಕೆ.

ಒಂದು ಬೆಳಿಗ್ಗೆ ಕೊಕ್ಕರೆ ನೀರಿಗಿಳಿದು, ಕತ್ತು ಬಗ್ಗಿಸಿ ನೋಡಿ, "ನನ್ನ ಕಾಲುಗುರು ಎಣಿಸುವಷ್ಟು ತಿಳಿಯಾಗಿದೆ. ಕೊತ್ತಂಬರಿಗೆ ಬಿಡು!" ಎಂದಿತು.

ಏಡಿಯಜ್ಜಿಗೆ ಕಸಿವಿಸಿಯಾಯಿತು. ಕೊತ್ತಂಬರಿಯನ್ನು ಜನ ಹಸಿಯಾಗಿಯೇ ತಿನ್ನುತ್ತಾರಲ್ಲ!

"ರಾಯರೇ, ರೋಗದ ಕ್ರಿಮಿ ಕಣ್ಣಿಗೆ ಕಾಣುತ್ತದೆಯೇ?"

"ನನ್ನ ಕಣ್ಣಿಗೆ ಬೀಳದ ಕ್ರಿಮಿ ಈ ಕಾಲುವೆಯಲ್ಲಿ ಇನ್ನೂ ಹುಟ್ಟಿಲ್ಲ."

"ಹಾಗಾದರೆ ಒಂದು ಗುಟುಕು ಕುಡಿದು ತೋರಿಸಿ."

ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಕೊಕ್ಕರೆ ಥಟ್ಟನೆ ಕೊಕ್ಕು ಮೇಲೆತ್ತಿತು. "ಇವತ್ತು ಏಕಾದಶಿ. ನಾನು ನೀರು ಮುಟ್ಟುವುದಿಲ್ಲ."

"ಅಯ್ಯೋ, ಮರೆತೇಬಿಟ್ಟಿದ್ದೆ! ನಾಳೆ ಪಾರಣೆಗೆ ಇಲ್ಲಿಗೇ ಬನ್ನಿ. ಇದೇ ನೀರುಂಡ ಕೊತ್ತಂಬರಿ ಕಿತ್ತು, ಹೆಸರುಬೇಳೆ ಕೋಸಂಬರಿಗೆ ಹಸಿಯಾಗಿ ಉದುರಿಸಿ ಬಡಿಸುತ್ತೇನೆ."

ಕೊಕ್ಕರೆ ಒಂದು ಕಾಲನ್ನು ನೀರಿನಿಂದ ಮೆಲ್ಲನೆ ಮೇಲೆತ್ತಿಕೊಂಡಿತು. ದನಿ ತಗ್ಗಿಸಿ ಹೇಳಿತು:

"ಕೋಸಂಬರಿ ಬೇಡ ಅಜ್ಜಿ. ಸಾರು ಮಾಡು. ಚೆನ್ನಾಗಿ ಕುದಿಸು."

ಏಡಿಯಜ್ಜಿ ತೂಬಿನ ಹಲಗೆ ಎಳೆದು, ನೀರನ್ನೆಲ್ಲ ಹತ್ತಿ ಹೊಲದತ್ತ ತಿರುಗಿಸಿದಳು.

"ಈಗ ಮುಗಿಯಿತು ನೋಡಿ ರಾಯರೇ, ನಿಮ್ಮ ಪರೀಕ್ಷೆ."