ಬೊಗ್ಗಯ್ಯನೂ ನಿಲ್ಲದ ಕಪ್ಪೂ

ಒಂದಾನೊಂದು ಊರಿನಲ್ಲಿ ಬೊಗ್ಗಯ್ಯ ಅಂತ ಒಬ್ಬನಿದ್ದ. ಕಾಲ್ಚೆಂಡಿನ ಆಟದಲ್ಲಿ ಗೋಲು ಕಾಯುವುದು ಅವನ ಕೆಲಸ. ಚೆಂಡು ಬಂದರೂ ಹಿಡಿಯುತ್ತಿದ್ದ, ಕುಂಬಳಕಾಯಿ ಬಂದರೂ ಹಿಡಿಯುತ್ತಿದ್ದ. ಊರಿನವರು ಅವನನ್ನು ಅಂಗೈಯಲ್ಲಿಟ್ಟು ಸಾಕುತ್ತಿದ್ದರು.

ಆ ಸೀಮೆಯ ರಾಜ ಉಂಡೆರಾಯ ಒಂದು ಬೆಳ್ಳಿ ಕಪ್ ಮಾಡಿಸಿದ. ವರ್ಷಕ್ಕೊಮ್ಮೆ ಊರೂರೂ ಆಡಬೇಕು, ಗೆದ್ದವರು ಕಪ್ ಒಯ್ಯಬೇಕು ಅಂದ. ಮೊದಲ ವರ್ಷ ಹುಣಸೇಕಟ್ಟೆಯವರು ಗೆದ್ದು, ಕುಣಿದು, ಒಯ್ದರು. ಬೆಳಗಾಗುವಷ್ಟರಲ್ಲಿ ಕಪ್ ಎದ್ದು ನಡೆದು ಸೋತವರ ಊರಲ್ಲಿ ಕೂತಿತ್ತು. ಮರುವರ್ಷ ಗೆದ್ದವರು ಸರಪಳಿ ಬಿಗಿದರು. ಕಪ್ ಸರಪಳಿಯನ್ನೂ ಎಳೆದುಕೊಂಡು ಹೋಯಿತು.

ಕಪ್ ಯಾರ ಊರಲ್ಲಿದೆಯೋ ಅವರೇ ಗೆದ್ದವರು, ಅಂದಮೇಲೆ ಸೋತವರೇ ಗೆದ್ದವರು ಅಂತ ರಾಜ ಡಂಗುರ ಹೊಡೆಸಿದ.

ಅಲ್ಲಿಂದ ಶುರುವಾಯಿತು ನೋಡಿ. ಎಲ್ಲರೂ ಸೋಲಲು ಬಿದ್ದು ಎದ್ದು ಓಡಿದರು. ತಮ್ಮ ಗೋಲಿಗೆ ತಾವೇ ಒದ್ದರು. ಬೊಗ್ಗಯ್ಯನ ಕೈ ಮಾತ್ರ ಮಾತು ಕೇಳಲಿಲ್ಲ. ಹೆಂಡತಿ ಸಣ್ಣಕ್ಕ ಅವನ ಕೈ ಕಟ್ಟಿ ಕಳಿಸಿದಳು. ತಲೆಯಿಂದ ತಡೆದ. ಊರು ಗೆದ್ದೂ ಗೆದ್ದೂ ಮಾನ ಕಳೆದುಕೊಂಡಿತು. ಈ ಸಲವೂ ಚೆಂಡು ತಡೆದರೆ ಊರು ಬಿಡಬೇಕು ಅಂತ ಪಂಚರು ಹೇಳಿಬಿಟ್ಟರು.

ಬೊಗ್ಗಯ್ಯನಿಗೆ ಅನ್ನ ಇಳಿಯಲಿಲ್ಲ. ಆಟದ ದಿನ ಬೆಳಗ್ಗೆಯೇ ಬಯಲಿಗೆ ಬಂದ. ಕಪ್ ಒಂಟಿಯಾಗಿ ಒಂದು ಕಲ್ಲಿನ ಮೇಲೆ ಕೂತಿತ್ತು. ಅಷ್ಟು ವರ್ಷ ಯಾರೂ ಅದನ್ನು ಮಾತಾಡಿಸಿರಲಿಲ್ಲ.

"ತಾಯೀ, ಗೆದ್ದವರ ಹತ್ತಿರ ನಿನಗೇನು ಕಷ್ಟ?" ಅಂದ.

"ಗೆದ್ದವರು ತಲೆ ಮೇಲೆ ಎತ್ತಿ ಹಿಡೀತಾರೆ ಕಣಪ್ಪ," ಅಂತು ಕಪ್. "ನನಗೆ ತಲೆ ಸುತ್ತುತ್ತೆ. ಪಾಪ, ಸೋತವರು ಸುಮ್ಮನೆ ನೆಲದ ಮೇಲೆ ಕೂತಿರ್ತಾರೆ."

"ಗೆದ್ದವರೂ ಕೂತುಕೊಂಡರೆ?"

"ಹಾಗಾದ್ರೆ ನಾನ್ಯಾಕೆ ಓಡಲಿ?"

ಬೊಗ್ಗಯ್ಯ ಓಡಿಹೋಗಿ, ಆಟ ನೋಡಲು ಬಯಲಿಗೆ ಬಂದ ರಾಜನಿಗೆ ಹೇಳಿದ. ರಾಜ ನಂಬಲಿಲ್ಲ. ಪರೀಕ್ಷೆ ಮಾಡೋಣ ಅಂತ ತನ್ನನ್ನೇ ಭಟರಿಂದ ಎತ್ತಿಸಿಕೊಂಡ. ಬಯಲೆಲ್ಲ ಗಿರ್ರನೆ ತಿರುಗಿತು. ಕೆಳಗಿಳಿದವನೇ ಕಂಬ ತಬ್ಬಿಕೊಂಡು, ಸೋತವರೇ ಗೆದ್ದವರು ಅನ್ನೋ ಹಳೇ ಕಟ್ಟಳೆ ರದ್ದು ಅಂದ.

ಆವತ್ತು ಬೊಗ್ಗಯ್ಯ ಬಂದ ಚೆಂಡನ್ನೆಲ್ಲ ಹಿಡಿದ. ಯಾರೂ ಬೈಯಲಿಲ್ಲ. ಊರು ಗೆದ್ದಿತು. ಗೆದ್ದವರೆಲ್ಲ ಚಕ್ಕಳಮಕ್ಕಳ ಹಾಕಿ ಕೂತು ಕಪ್ಪನ್ನು ಮಡಿಲಿಂದ ಮಡಿಲಿಗೆ ದಾಟಿಸಿದರು. ಬೊಗ್ಗಯ್ಯನ ಮಡಿಲಿಗೆ ಬಂದಾಗ ಅದು ಗೊರಕೆ ಹೊಡೆಯುತ್ತಿತ್ತು. ಅವನು ಉಸ್ಸಪ್ಪಾ ಅಂತ ಕಾಲು ಚಾಚಿ ತಾನೂ ಕಣ್ಣು ಮುಚ್ಚಿದ.

ಆದ್ದರಿಂದ ಯಾರನ್ನಾದರೂ ಎತ್ತಿ ಮೆರೆಸುವ ಮೊದಲು, ತಲೆ ಸುತ್ತುತ್ತದೆಯೇ ಅಂತ ಕೇಳಬೇಕು. ಕಪ್ ಅವರ ಮಡಿಲಿಗೆ, ಕತೆ ನಿಮ್ಮ ಕಿವಿಗೆ, ನಾನು ನನ್ನ ಚಾಪೆಗೆ.