ಒಂದೇ ಗಾಳಿಗೆ ಎರಡು ತಿದ್ದುಪಡಿ

ಸಾವಿರ ಗಜ ದೂರದ ಗುರಿಗೆ ರೈಫಲ್ ಹೊಡೆಯುವ ಜೋಡಿ ಪಂದ್ಯ ಒಬ್ಬರ ಕೆಲಸವಲ್ಲ. ಒಬ್ಬರು ನೆಲದ ಮೇಲೆ ಬೋರಲು ಮಲಗಿ ಹೊಡೆಯುತ್ತಾರೆ. ಇನ್ನೊಬ್ಬರು ಹಿಂದೆ ಕುರ್ಚಿ ಹಾಕಿಕೊಂಡು ದುರ್ಬೀನಿನಲ್ಲಿ ಗಾಳಿ ನೋಡುತ್ತಾರೆ. ಅಷ್ಟು ದೂರ ಹೋಗುವಷ್ಟರಲ್ಲಿ ಗಾಳಿ ಗುಂಡನ್ನು ಮೊಳಗಟ್ಟಲೆ ಪಕ್ಕಕ್ಕೆ ತಳ್ಳುತ್ತದೆ. ಹಿಂದೆ ಕೂತವರು "ಎಡಕ್ಕೆ ಇಷ್ಟು ಗೀಟು" ಎಂದರೆ, ಮಲಗಿದವರು ಬಂದೂಕಿನ ಮೇಲೆ ಗುರಿ ಸರಿಸುವ ತಿರುಪನ್ನು ಅಷ್ಟೇ ಗೀಟು ತಿರುಗಿಸಬೇಕು. ಈ ಆಟದವರಲ್ಲಿ ಒಂದು ಕಟ್ಟುಪಾಡಿದೆ: ಮಲಗಿದವರು ಗಾಳಿ ನೋಡಬಾರದು.

ಅನೇಕ ದೇಶಗಳು ಸೇರುವ ದೊಡ್ಡ ಕ್ರೀಡಾಕೂಟಕ್ಕೆ ನಮ್ಮ ಕಡೆಯಿಂದ ಇಂಥ ಒಂದು ಜೋಡಿ ಹೋಗಿತ್ತು. ಗಾಳಿ ನೋಡುವವರು ಈರಸಂಗಪ್ಪ, ಬಾಗಲಕೋಟೆ ಕಡೆಯವರು, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಹೊಡೆಯುವವಳು ದಾಕ್ಷಾಯಣಿ, ಅದೇ ಸೀಮೆಯವಳು, ಪೊಲೀಸ್ ಇಲಾಖೆಯವಳು. ಅವಳು ಅವರನ್ನು ಕಾಕಾ ಎನ್ನುತ್ತಿದ್ದಳು. ಒಂಬತ್ತು ವರ್ಷದ ಜೋಡಿ.

ಇವರು ಗೆದ್ದರು ಎಂದುಕೊಂಡು ಓದಬೇಡಿ. ಗೆದ್ದವರ ಕಥೆ ನಿಮ್ಮ ಫೋನಿಗೆ ದಿನಕ್ಕೆ ಹತ್ತು ಬರುತ್ತವೆ, ನನಗೂ ಬರುತ್ತವೆ. ಓದಿ ಓದಿ ಸಾಕಾಗಿದೆ.

ಅದು ಪಂದ್ಯದ ಕೊನೆಯ ದಿನ. ಇಬ್ಬರೂ ದಣಿದಿದ್ದರು. ದಾಕ್ಷಾಯಣಿಯ ಮೊಣಕೈ ನೆಲಕ್ಕೆ ಊರಿ ಊರಿ ಕೆಂಪಾಗಿತ್ತು. ಈರಸಂಗಪ್ಪನವರಿಗೆ ಆ ವರ್ಷವೇ ಕಣ್ಣಿನ ಪೊರೆ ತೆಗೆದಿದ್ದರು. ಬೆಳಗಿನ ಊಟದ ಮನೆಯಲ್ಲಿ ಅವರು ಹಾಲು ಬಗ್ಗಿಸುವಾಗ ಅರ್ಧ ಕಪ್ಪಿನೊಳಗೆ, ಅರ್ಧ ಮೇಜಿನ ಮೇಲೆ ಬಿತ್ತು. ದಾಕ್ಷಾಯಣಿ ನೋಡಿದಳು. ಏನೂ ಕೇಳಲಿಲ್ಲ. ಆದರೆ ಆ ಗಳಿಗೆಯಿಂದ ಅವಳ ತಲೆಗೆ ಸಂಶಯದ ಹುಳ ಹೊಕ್ಕಿತು.

ಹೊಡೆಯಬೇಕಾದದ್ದು ಹದಿನೈದು ಗುಂಡು. ನಡುಬಿಂದುವಿಗೆ ಬಿದ್ದರೆ ಐದು ಅಂಕ. ಮೊದಲ ಆರು ಗುಂಡಿಗೂ ಐದೈದೇ ಬಂತು. ಪದಕ ಕೈಗೆಟುಕುವ ದೂರದಲ್ಲಿತ್ತು.

ಏಳನೆಯದಕ್ಕೆ ಈರಸಂಗಪ್ಪ, "ಎಡಕ್ಕ ಆರು ಗೀಟ," ಎಂದರು.

ದಾಕ್ಷಾಯಣಿ ಆರು ಗೀಟು ತಿರುಗಿಸಿದಳು. ಆಮೇಲೆ ಟೋಪಿಯ ಅಂಚಿನಡಿಯಿಂದ ಮೈದಾನದಲ್ಲಿ ಗಾಳಿ ತೋರಿಸಲು ನೆಟ್ಟ ಬಾವುಟವೊಂದನ್ನು ಕದ್ದು ನೋಡಿದಳು. ಅದು ಜೋರಾಗಿ ಹಾರುತ್ತಿತ್ತು. ಕಾಕಾಗೆ ಇದು ಕಾಣಿಸಿರಲಿಕ್ಕಿಲ್ಲ ಎಂದುಕೊಂಡಳು. ತಿರುಪು ಮುಟ್ಟಿದರೆ ಟಿಕ್ ಎಂಬ ಸದ್ದು ಅವರಿಗೆ ಕೇಳುತ್ತದೆ. ಅದಕ್ಕೇ ಗುರಿಯನ್ನೇ ಇನ್ನೆರಡು ಗೀಟಿನಷ್ಟು ಎಡಕ್ಕೆ ಸರಿಸಿ ಹೊಡೆದಳು. ಗುಂಡು ಎಡಕ್ಕೆ ಬಿತ್ತು. ನಾಲ್ಕು ಅಂಕ.

ನೋಡಿ, ಅವಳಿಗೆ ಕಂಡದ್ದು ಹತ್ತಿರದ ಒಂದು ಬಾವುಟ. ಅವರು ಲೆಕ್ಕ ಹಾಕಿದ್ದು ಸಾವಿರ ಗಜದ ಗಾಳಿಯನ್ನು.

ಎಡಕ್ಕೆ ಬಿದ್ದದ್ದನ್ನು ನೋಡಿ ದಾಕ್ಷಾಯಣಿ ನಾಲಿಗೆ ಕಚ್ಚಿಕೊಂಡಳು. ಮುಂದಿನ ಸಲ ನೆಟ್ಟಗೇ ಹೊಡೆಯಬೇಕು ಎಂದುಕೊಂಡಳು. ಹಿಂದೆ ಕೂತ ಈರಸಂಗಪ್ಪ ಅದೇ ಗುಂಡನ್ನು ನೋಡಿ, ನಾನೇ ಗಾಳಿಯನ್ನು ಹೆಚ್ಚು ಎಣಿಸಿದೆ ಎಂದುಕೊಂಡರು. "ನಾಕ ಗೀಟ," ಎಂದರು. ತಪ್ಪು ಒಂದೇ ಇತ್ತು. ಅವಳೂ ತಿದ್ದಿದಳು, ಅವರೂ ತಿದ್ದಿದರು. ಎಂಟನೆಯ ಗುಂಡು ಬಲಕ್ಕೆ ಹೋಯಿತು. ಮತ್ತೆ ನಾಲ್ಕು.

ಈಗ ಅವಳ ಸಂಶಯಕ್ಕೆ ಸಾಕ್ಷಿಯೂ ಸಿಕ್ಕಂತಾಯಿತು. 'ಈ ಸಲ ಕಾಕಾ ಹೇಳಿದಂಗ ಹೊಡದೀನಿ, ಆದರೂ ತಪ್ಪೇತಿ. ಕಣ್ಣು ಹೋಗ್ಯಾವ ಇವರವು' ಎಂದುಕೊಂಡಳು. ಅಲ್ಲಿಂದ ಮುಂದೆ ಅವರು ಹೇಳಿದ ಪ್ರತಿಯೊಂದು ಮಾತಿಗೂ ತನ್ನದೊಂದಿಷ್ಟು ಸೇರಿಸತೊಡಗಿದಳು. ನಾಲ್ಕು, ಮೂರು, ನಾಲ್ಕು, ಮೂರು. ಪದಕ ದೂರ ದೂರ ಹೋಯಿತು. ಸಂಶಯವೇ ತಪ್ಪನ್ನು ಹುಟ್ಟಿಸುತ್ತದೆ, ಆಮೇಲೆ ಅದನ್ನೇ ತೋರಿಸಿ, ನಾನು ಹೇಳಲಿಲ್ಲವೇ ಎನ್ನುತ್ತದೆ. ಎಷ್ಟು ಮನೆಗಳಲ್ಲಿ ಇದನ್ನು ನೋಡಿದ್ದೇನೋ, ಹೇಳಲು ಹೋದರೆ ಬೇಸರ ಬರುತ್ತದೆ.

ಹನ್ನೆರಡನೆಯ ಗುಂಡು ಆದ ಮೇಲೆ ಈರಸಂಗಪ್ಪ ಏನೂ ಹೇಳಲಿಲ್ಲ. ದಾಕ್ಷಾಯಣಿ ಕಾದಳು. ಕೊನೆಗೆ ಹಿಂತಿರುಗಿ ನೋಡಿದಳು. ಅವರು ದುರ್ಬೀನಿನಿಂದ ಕಣ್ಣು ತೆಗೆದಿದ್ದರು. ಕರವಸ್ತ್ರದಿಂದ ಕಣ್ಣೊರೆಸಿಕೊಂಡು ದುರ್ಬೀನಿನ ಕಾಲು ಮಡಚುತ್ತಿದ್ದರು.

"ಕಾಕಾ, ಏನ್ ಮಾಡಾಕತ್ತೀರಿ? ಇನ್ನ ಮೂರ ಗುಂಡ ಅದಾವು."

"ನೀನ ಗಾಳಿ ನೋಡ್ಕೊಂಡು ನೀನ ಹೊಡಿ, ತಂಗಿ. ನನ್ನ ಕಣ್ಣಾಗ ಈಗ ಏನೂ ಉಳಿದಿಲ್ಲ. ಒಂದೂ ಸರಿ ಬರವಲ್ದು. ಊರಿಗೆ ಹೋದಮ್ಯಾಲ ಹುಡುಗರಿಗೆ ಗಾಳಿ ಕಲಿಸಾಕ ಬರ್ತೀನಿ ಅಂತ ಮಾತ ಕೊಟ್ಟಿದ್ದೆ. ಅದನ್ನೂ ಬ್ಯಾಡ ಅಂತ ಹೇಳಿಬಿಡ್ತೀನಿ."

ಮೂವತ್ತು ವರ್ಷ ಗಾಳಿಯನ್ನೇ ಓದಿದ ಮನುಷ್ಯ. ಅವರಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ದಾಕ್ಷಾಯಣಿ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸೋತದ್ದಕ್ಕೆ ಮುದುಕರ ಕಣ್ಣು ಕಾರಣ ಎಂದು ಎಲ್ಲರೂ ನಂಬುತ್ತಿದ್ದರು, ಅವರೇ ಎಲ್ಲರಿಗಿಂತ ಮೊದಲು ನಂಬಿದ್ದರು. ಪಂದ್ಯದ ಗಡಿಯಾರ ಓಡುತ್ತಿತ್ತು.

"ಕಾಕಾ, ನಿಮ್ಮ ಕಣ್ಣ ಸರಿ ಅದಾವ್ರಿ," ಎಂದಳು. "ಏಳನೇ ಗುಂಡಿಗೆ ನಾನು ಕದ್ದ ಗಾಳಿ ನೋಡೀನಿ. ನೀವು ಆರು ಅಂದ್ರಿ, ನಾನು ಎಂಟು ಹೊಡದೆ. ಆಮ್ಯಾಲಿಂದೂ ಹಂಗ ಮಾಡೀನಿ."

ಈರಸಂಗಪ್ಪ ಅವಳತ್ತ ತಿರುಗಿದರು. ಬೈಯಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದರು.

"ಯಾವ ಗುಂಡಿಗೆ ಎಷ್ಟ ಸರಿಸಿದಿ? ಒಂದೊಂದ ಹೇಳು."

ಅವಳು ಹೇಳಿದಳು. ಅವರು ಬರೆದುಕೊಂಡರು. ಬರೆದು ಮುಗಿಸಿ ಲೆಕ್ಕ ನೋಡುತ್ತ ಪೆನ್ಸಿಲು ಮತ್ತೆ ಏಳನೆಯ ಗುಂಡಿಗೆ ಬಂದು ನಿಂತಿತು. ಅವರು ಹೇಳಿದ ಆರೇ ಸರಿಯಿತ್ತು. ಅವರು ದುರ್ಬೀನಿನ ಕಾಲು ಮತ್ತೆ ಬಿಚ್ಚಿ, ಕಣ್ಣಿಟ್ಟು, ಸಣ್ಣ ದನಿಯಲ್ಲಿ, "ಎಡಕ್ಕ ಐದು," ಎಂದರು.

ಅವಳು ಬಾವುಟ ನೋಡಲಿಲ್ಲ. ಐದು ಅಂಕ. ಇನ್ನೊಂದು, ಐದು. ಕೊನೆಯದೂ ಐದು.

ಆದರೆ ಮೂರು ಗುಂಡಿನಿಂದ ಹೋದ ಮಾನ ಬರುತ್ತದೆಯೇ ಹೊರತು ಹೋದ ಪದಕ ಬರುವುದಿಲ್ಲ. ಅವರದು ಒಂಬತ್ತನೆಯ ಸ್ಥಾನ.

ಬಂದೂಕು ಪೆಟ್ಟಿಗೆಗೆ ಹಾಕುವಾಗ ದಾಕ್ಷಾಯಣಿ ಅಳುತ್ತಿದ್ದಳು. "ಪದಕಾ ನಾನ ಕಳದೆ, ಕಾಕಾ. ನನ್ನ ಮ್ಯಾಲ ಸಿಟ್ಟ ಮಾಡ್ಕೊರಿ."

"ಪದಕದ್ದು ಸಿಟ್ಟಿಲ್ಲ ಬಿಡು," ಎಂದರು ಈರಸಂಗಪ್ಪ. ಕುರ್ಚಿಯಿಂದ ಏಳಲೂ ಅವರಲ್ಲಿ ತ್ರಾಣವಿರಲಿಲ್ಲ. "ನನ್ನ ಕಣ್ಣ ಮ್ಯಾಲ ಸಂಶೆ ಬಂತಂದ್ರ ಮುಂಜಾನೆ ಕೇಳಬೇಕಿತ್ತು ನೀನು. ನನಗೂ ಇತ್ತು ಆ ಸಂಶೆ. ಯಾರಿಗರೆ ಹೇಳ್ಕೋಬೇಕಂತ ಮೂರ ದಿನದಿಂದ ಕುಂತಿದ್ದೆ. ನೀ ಕೇಳಲಿಲ್ಲ, ನಾ ಹೇಳಲಿಲ್ಲ."

ದಾಕ್ಷಾಯಣಿ ಅವರ ಪಕ್ಕದಲ್ಲಿ ಹುಲ್ಲಿನ ಮೇಲೆ ಕುಳಿತಳು. ಎದುರಿಗೆ ಬಾವುಟಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು.

ನೀತಿ: ಜೊತೆಯವರ ಮೇಲೆ ಸಂಶಯ ಬಂದರೆ ಬಾಯಿಬಿಟ್ಟು ಕೇಳಿ, ಕೈಯಲ್ಲಿ ಕದ್ದು ತಿದ್ದಬೇಡಿ. ಕೇಳಿದರೆ ಅವರಿಗೆ ಒಂದು ದಿನ ನೋವಾದೀತು. ಕೇಳದೆ ತಿದ್ದಿದರೆ ನಿಮ್ಮ ತಪ್ಪನ್ನು ತಮ್ಮದೆಂದು ನಂಬಿ ಅವರು ತಮ್ಮನ್ನೇ ಕಳೆದುಕೊಳ್ಳುತ್ತಾರೆ.